ಇದು ನಿಮ್ಮ ಫಾರ್ಮೇ ಅಲ್ಲ ಮೇಡಂ!

"ಇದು ನಿಮ್ಮ ಫಾರ್ಮೇ ಅಲ್ಲ ಮೇಡಂ!"

ಐವತ್ತು ನಿಮಿಷ ಕಾಯಿಸಿ, ಮೂರು ಹಾಳೆಗಳನ್ನು ಹಿಂದೆ ಮುಂದೆ ತಿರುಗಿಸಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ಅವನು ಹೇಳಿದ ಮೊದಲ ಮಾತು ಇದು!

ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ನನ್ನದಲ್ದೆ ಇನ್ಯಾರದು? ಮೇಲೆ ನನ್ನ ಹೆಸರಿದೆ. ಕೆಳಗೆ ನನ್ನ ಸೈನ್ ಇದೆ!"

"ಹೆಸರು ನಿಮ್ಮದೇ. ಸೈನೂ ನಿಮ್ಮದೇ..." ಒಂದೊಂದು ಪದಕ್ಕೂ ಮುಂಚೆ ಯಾರದೋ ಅಪ್ಪಣೆ ಕೇಳಿಕೊಂಡು ಬರುವವನಂತೆ ಮಾತಾಡುತ್ತಿದ್ದ ಅವನು. "ಫಾರ್ಮ್ ಮಾತ್ರ ಬೇರೆಯವರದ್ದು."

ಬೀಗ ರಿಪೇರಿ ಅಂಗಡಿಯ ಮೇಲಿನ ಒಂದೇ ಕೋಣೆಯ ಆಫೀಸು ಅದು. ಗೋಡೆಯುದ್ದಕ್ಕೂ ಫೈಲುಗಳು. ಆದಾಯ ತೆರಿಗೆ ಕಾಗದಪತ್ರ ಮಾಡಿಕೊಡುವ ಅವನಿಗೆ ಬೀದಿಯವರೆಲ್ಲ ಇಟ್ಟ ಹೆಸರು ನಿಧಾನಪ್ಪ. 'ನಿಧಾನಪ್ಪನ ಹತ್ರ ಹೋದ್ರೆ ಕೆಲಸ ತಡ ಆಗುತ್ತೆ, ಆದ್ರೆ ಹೋದ ಕಾಗದ ವಾಪಸ್ ಬರಲ್ಲ' ಎಂದು ಸ್ಟಾಫ್ ರೂಮಿನಲ್ಲಿ ಯಾರೋ ಹೇಳಿದ್ದನ್ನು ನಂಬಿ ಅವಳು ಬಂದಿದ್ದಳು.

ಅವಳು ಈಜು ಟೀಚರ್. ಹಗಲು ಶಾಲೆಯೊಂದರ ಮಕ್ಕಳಿಗೆ ಪಾಠ. ಬೆಳಿಗ್ಗೆ ಆರರಿಂದ ಏಳೂವರೆ, ಬಾಡಿಗೆಗೆ ಹಿಡಿದ ಕೊಳದಲ್ಲಿ ವಯಸ್ಸಾದವರಿಗೆ ಹೋದ ವರ್ಷ ಶುರುಮಾಡಿದ ತನ್ನದೇ ಒಂದು ತರಗತಿ. ಇವತ್ತು ಅಲ್ಲಿಂದ ನೇರ ಓಡಿ ಬಂದಿದ್ದಳು. ಒದ್ದೆ ಜಡೆಯಿಂದ ನೀರು ತೊಟ್ಟಿಕ್ಕಿ ಬೆನ್ನೆಲ್ಲ ತಣ್ಣಗಾಗಿತ್ತು. ತಲೆ ಮಾತ್ರ ಕೆಂಡ!

ಆಗದೆ ಇರುತ್ತಾ? ತೆರಿಗೆ ಕಚೇರಿಯಿಂದ ಮೂರನೇ ಸಲ ಕಾಗದ ವಾಪಸ್ ಬಂದಿದೆ. ಜೊತೆಗೆ ಒಂದೇ ಸಾಲು: 'ಸದರಿ ನಮೂನೆಯು ಸೂಕ್ತವಲ್ಲ.' ಹಾಗಾದರೆ ಯಾವುದು ಸೂಕ್ತ? ಅದನ್ನು ಬರೆಯುವುದಕ್ಕೆ ಆ ಮಹಾನುಭಾವರಿಗೆ ಶಾಯಿ ಸಾಲಲಿಲ್ಲ! ಕೊನೆಯ ದಿನಕ್ಕೆ ಇನ್ನು ಒಂಬತ್ತೇ ದಿನ. ತಪ್ಪಿದರೆ ದಂಡ.

"ಇದನ್ನ ತುಂಬಿದ್ದು ಯಾರು ಮೇಡಂ?"

"ನಮ್ಮಪ್ಪ. ಮೂವತ್ತೊಂದು ವರ್ಷ ಹೆಡ್ ಕ್ಲರ್ಕ್ ಆಗಿದ್ದವರು. ನನ್ನ ಮೊದಲನೇ ಸಂಬಳದಿಂದ ಅವರೇ ತುಂಬೋದು."

ಅವನು ಎರಡನೇ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ.

"ಇಲ್ಲಿ ನೋಡಿ. ಸಂಸ್ಥೆಯ ಹೆಸರು ಬರೀಬೇಕಾದ ಕಡೆ ಮನೆ ನಂಬರ್ ಬಿದ್ದಿದೆ. ಆಮೇಲಿಂದ ಎಲ್ಲ ಒಂದೊಂದು ಸಾಲು ಕೆಳಗೆ ಜಾರಿದೆ. ಇದನ್ನ... ನೋಡದೆ ತುಂಬಿದ್ದಾರೆ."

"ಏನಂದ್ರಿ?"

"ಅಲ್ಲ, ನಾನು ಹೇಳಿದ್ದು..."

"ಕೈತಪ್ಪು ಯಾರಿಗೆ ಆಗಲ್ಲ? ನಮ್ಮಪ್ಪ ಬೇಜವಾಬ್ದಾರಿ ಅಂತೀರಾ?"

ಅವನು ಹಾಳೆಯನ್ನೇ ನೋಡುತ್ತಿದ್ದ. ಅವನ ಮುಖ ಯಾಕೋ ಮೆತ್ತಗಾಯಿತು.

"ನಿಮ್ಮ ತಂದೇನ ಒಂದ್ಸಲ ಕರ್ಕೊಂಡು ಬರ್ತೀರಾ?"

"ಯಾಕೆ? ಎದುರಿಗೆ ಕೂರಿಸಿಕೊಂಡು ಇನ್ನೂ ನಾಲ್ಕು ಮಾತು ಅನ್ನೋದಕ್ಕಾ?"

ಹಾಳೆಗಳನ್ನು ಅವನ ಕೈಯಿಂದ ಕಿತ್ತುಕೊಂಡು ಅವಳು ದಡದಡನೆ ಮೆಟ್ಟಿಲಿಳಿದಳು.

*

ಮನೆಯಲ್ಲಿ ಅಪ್ಪ ಎಂದಿನಂತೆ ಕಿಟಕಿ ಪಕ್ಕದ ಕುರ್ಚಿಯಲ್ಲಿ ಕೂತಿದ್ದರು. ಎದುರಿಗೆ ಅವರ ತಂಗಿ, ಅಂದರೆ ಅವಳ ಅತ್ತೆ, ಪೇಪರ್ ಓದಿ ಹೇಳುತ್ತಿದ್ದರು.

"ಈಗಂತೂ ಇವನಿಗೆ ಪೇಪರ್ ಹಿಡಿಯೋಕೂ ಸೋಮಾರಿತನ ಕಣೇ! ಓದಿ ಓದಿ ನನ್ನ ಗಂಟಲು ಒಣಗಿಹೋಯ್ತು."

"ಅಪ್ಪ, ಫಾರ್ಮ್ ಮತ್ತೆ ವಾಪಸ್ ಬಂದಿದೆ. ಇದಲ್ವಂತೆ. ಬೇರೆ ಯಾವುದೋ ಬೇಕಂತೆ."

"ಒಂದನೇ ಫಾರ್ಮೇ ಸರಿ!" ಅಪ್ಪ ಕುರ್ಚಿಯ ಕೈಯನ್ನು ಗುದ್ದಿದರು. "ಹನ್ನೊಂದು ವರ್ಷ ತಗೊಂಡ್ರಲ್ಲ, ಈಗೇನು ಬಂತು ಧಾಡಿ? ಕೊಡು, ಇನ್ನೊಂದು ಸಲ ತುಂಬಿ ಕಳಿಸೋಣ."

"ನಾಲ್ಕನೇ ಸಲಾನಾ? ಅಪ್ಪ, ದಯವಿಟ್ಟು..."

"ನನಗೆ ಹೇಳಿಕೊಡ್ತೀಯಾ ನೀನು?"

ಅಮ್ಮ ಹೋದ ಮೇಲೆ ಆರನೇ ಕ್ಲಾಸಿನ ಹುಡುಗಿಯನ್ನು ಒಬ್ಬರೇ ಬೆಳೆಸಿದ ಅಪ್ಪ. ವರ್ಷಕ್ಕೊಮ್ಮೆ ಊಟದ ಮೇಜನ್ನು ಒರೆಸಿ, ಫಾರ್ಮ್ ಹರಡಿ, ನಾಲಿಗೆಯ ತುದಿ ಕಚ್ಚಿಕೊಂಡು ಮಗಳ ಆದಾಯ ಬರೆಯುವುದೆಂದರೆ ಅವರಿಗೆ ಎಲ್ಲಿಲ್ಲದ ಹಿಗ್ಗು. ಆ ಹಿಗ್ಗನ್ನು ಹೇಗೆ ಕಿತ್ತುಕೊಳ್ಳುವುದು? ಅವಳು ಓದದೆ ಸೈನ್ ಹಾಕುತ್ತಿದ್ದುದೇ ಅದಕ್ಕೆ.

ಮರುದಿನ ಶಾಲೆಯ ಊಟದ ವೇಳೆಯಲ್ಲಿ ತಾನೇ ಕೂತಳು. ಫಾರ್ಮುಗಳು ಒಂದಲ್ಲ, ನಾಲ್ಕು! ಒಂದಕ್ಕಿಂತ ಒಂದು ದಪ್ಪ. ಸಹಾಯವಾಣಿಗೆ ಫೋನ್ ಹಚ್ಚಿದಳು. ಹದಿನೇಳು ನಿಮಿಷ ಸಂಗೀತ. ಆಮೇಲೊಂದು ಸಿಹಿ ದನಿ: "ಯಾವ ನಮೂನೆ ತುಂಬಬೇಕೆಂದು ತಿಳಿಯಲು, ಮೊದಲು ನೀವು ತುಂಬುತ್ತಿರುವ ನಮೂನೆಯ ಸಂಖ್ಯೆಯನ್ನು ಒತ್ತಿರಿ."

"ಅದು ಗೊತ್ತಿದ್ದಿದ್ರೆ ನಿನಗೆ ಯಾಕೆ ಫೋನ್ ಮಾಡ್ತಿದ್ದೆ ತಾಯಿ!"

ಕೂಗಿದ ರಭಸಕ್ಕೆ ಊಟಕ್ಕೆ ಕೂತಿದ್ದ ಮಕ್ಕಳೆಲ್ಲ ತಿರುಗಿ ನೋಡಿದರು.

ಸಂಜೆ ಮತ್ತೆ ಬೀಗದಂಗಡಿಯ ಮೆಟ್ಟಿಲು ಹತ್ತಿದಳು. ಬೇರೆ ದಾರಿ ಇರಲಿಲ್ಲ.

*

"ಕೂತ್ಕೊಳ್ಳಿ ಮೇಡಂ," ಎಂದ ನಿಧಾನಪ್ಪ. ನಿನ್ನೆಯ ಜಗಳದ ಸುಳಿವೇ ಮುಖದಲ್ಲಿ ಇಲ್ಲ. ಅದೂ ಅವಳಿಗೆ ಸಿಟ್ಟು ತರಿಸಿತು.

"ಕ್ಷಮೆ ಕೇಳೋಕೆ ಬಂದಿಲ್ಲ. ಫಾರ್ಮ್ ಕೇಳೋಕೆ ಬಂದಿದೀನಿ."

"ಸರಿ. ಒಂದನೇದು ಬರೀ ಸಂಬಳ, ಪಿಂಚಣಿ ಇರೋರಿಗೆ. ಎರಡನೇದು ಮನೆ, ಜಾಗ ಮಾರಿದೋರಿಗೆ. ಸ್ವಂತ ಕಸುಬು ಇದ್ರೆ ಮೂರು ಇಲ್ಲಾ ನಾಲ್ಕು. ಪ್ರತಿ ಖರ್ಚಿಗೂ ಚೀಟಿ ಇಟ್ಟು ಪೂರ್ತಿ ಲೆಕ್ಕ ತೋರ್ಸೋದಾದ್ರೆ ಮೂರು. ಕಸುಬು ಸಣ್ಣದು, ಅಂದಾಜು ಹೇಳಿದ್ರೆ ಸಾಕು ಅಂದ್ರೆ ನಾಲ್ಕು."

"ನನಗೆಲ್ಲಿ ಕಸುಬಿದೆ? ಸಂಬಳ ಅಷ್ಟೇ. ಬೆಳಿಗ್ಗೆ ಸ್ವಲ್ಪ ಹೊತ್ತು ವಯಸ್ಸಾದವರಿಗೆ ಏನೋ ಹೇಳ್ಕೊಡ್ತೀನಿ..."

"ಏನು ಹೇಳ್ಕೊಡ್ತೀರಾ?"

"ಅದೂ ಫಾರ್ಮಲ್ಲಿ ಇದೆಯಾ?"

"ಇಲ್ಲ," ಎಂದ ಅವನು ಪೆನ್ನು ಕೆಳಗಿಟ್ಟು. "ನನಗೆ ತಿಳ್ಕೋಬೇಕು ಅನ್ನಿಸ್ತು."

ಅವಳು ಗೊಣಗುತ್ತಲೇ ಶುರು ಮಾಡಿದಳು. ಹನ್ನೆರಡು ಜನ, ಎಲ್ಲರೂ ಅರವತ್ತು ದಾಟಿದವರು. ಅದರಲ್ಲೊಬ್ಬರು ದರ್ಜಿಯಮ್ಮ, ಅರವತ್ತೆಂಟು ವರ್ಷ. ನಾಲ್ಕು ತಿಂಗಳು ಕೊಳದ ಕಂಬಿ ಬಿಟ್ಟವರಲ್ಲ. ಹೋದ ವಾರ ಅವರ ಬೆನ್ನ ಕೆಳಗೆ ಅಂಗೈ ಇಟ್ಟು, ಮೆಲ್ಲಗೆ ಅಂಗೈ ತೆಗೆದಾಗ...

"'ಅಯ್ಯೋ, ನೀರು ನನ್ನನ್ನ ಎತ್ಕೊಂಡಿದೆ!' ಅಂತ ಕೂಗಿಬಿಟ್ರು. ಅಲ್ಲಿದ್ದವರಿಗೆಲ್ಲ ಕಣ್ಣಲ್ಲಿ ನೀರು. ನನಗೂ..."

ಮಾತು ನಿಲ್ಲಿಸಿ ನೋಡಿದಳು. ಅವನು ಕದಲದೆ ಕೇಳುತ್ತಿದ್ದ. ಹೊರಗೆ ರಸ್ತೆಯ ಸಿಗ್ನಲ್ಲಿನ ಗದ್ದಲ, ಕೆಳಗೆ ಅರದಿಂದ ಬೀಗದಕೈ ಉಜ್ಜುವ ಕಿರ್ ಶಬ್ದ, ಯಾವುದೂ ಅವನ ಕಿವಿಗೆ ಬಿದ್ದಂತಿರಲಿಲ್ಲ.

"ಇದನ್ನ ನೀವು 'ಏನೋ ಹೇಳ್ಕೊಡ್ತೀನಿ' ಅಂತೀರಾ?" ಎಂದ ಕೊನೆಗೆ. "ಇದು ಕಸುಬು ಮೇಡಂ. ನಿಮ್ಮ ಸ್ವಂತದ್ದು. ಅದನ್ನ ಬರೆಯೋ ಜಾಗ ಒಂದನೇ ಫಾರ್ಮಲ್ಲಿ ಇಲ್ಲ, ನಾಲ್ಕನೇದರಲ್ಲಿ ಇದೆ. ಹೆಮ್ಮೆಯಿಂದ ಬರೀಬೇಕು."

ಅವಳು ಕಿಟಕಿಯ ಕಡೆ ಮುಖ ತಿರುಗಿಸಿದಳು. ಅತ್ತೆ ತಂದ ಮೂರು ಸಂಬಂಧಗಳಲ್ಲಿ ಮೂವರೂ ಕೇಳಿದ್ದು ಒಂದೇ: ಮದುವೆಯಾದ ಮೇಲೆ ಆ ಈಜು ಗೀಜು ಬಿಡ್ತೀಯಾ ತಾನೆ?

'ಥೂ... ತೆರಿಗೆಯವನ ಮುಂದೆ ಕೂತು ಕಣ್ಣೀರು ಹಾಕೋದಾ!' ಎಂದು ತನಗೆ ತಾನೇ ಗದರಿಕೊಂಡಳು.

"ಹಾಗಾದ್ರೆ ಈಗಲೇ ತುಂಬಿ ಕೊಡಿ."

"ಹಳೇ ವರ್ಷಗಳ ಪ್ರತಿ ಬೇಕು. ನಿಮ್ಮ ತಂದೆ ಹತ್ರ ಇರುತ್ತಲ್ಲ? ನಾನೇ ಮನೆಗೆ ಹೋಗಿ ನೋಡ್ತೀನಿ. ಎರಡು ದಿನ ಕೊಡಿ."

*

ಎರಡು ದಿನ ನಾಲ್ಕಾಯಿತು!

ದಿನಾ ಮಧ್ಯಾಹ್ನ ಅವಳು ಶಾಲೆಯಲ್ಲಿರುವಾಗ ಅವನು ಮನೆಗೆ ಬಂದು ಅಪ್ಪನ ಹತ್ತಿರ ಗಂಟೆಗಟ್ಟಲೆ ಕೂರುತ್ತಿದ್ದ. ಸಂಜೆ ಅವಳೇ ಫೋನ್ ಮಾಡುತ್ತಿದ್ದಳು.

"ಎಲ್ಲಿಗೆ ಬಂತು?"

"ಇವತ್ತು ಎರಡನೇ ಪುಟ ಮುಗೀತು ಮೇಡಂ."

"ಇಡೀ ದಿನಕ್ಕೆ ಒಂದು ಪುಟಾನಾ! ಬಸವನಹುಳಕ್ಕೆ ಹೇಳಿದ್ರೂ ಇಷ್ಟೊತ್ತಿಗೆ ಮುಗಿಸಿರೋದು!"

"ಬಸವನಹುಳ ತಪ್ಪು ಕಾಲಂ ತುಂಬುತ್ತೆ ಮೇಡಂ."

ನಗಬಾರದು ಎಂದುಕೊಂಡರೂ ನಗು ಬಂದುಬಿಡುತ್ತಿತ್ತು. ಆಮೇಲೆ ದರ್ಜಿಯಮ್ಮ ಇವತ್ತು ಎಷ್ಟು ದೂರ ತೇಲಿದರು ಎಂದು ಅವನು ಕೇಳುವುದು, ಇವಳು ಹೇಳುವುದು. ಬೈಯಲು ಮಾಡಿದ ಫೋನು ಅರ್ಧ ಗಂಟೆ ನಡೆಯುತ್ತಿತ್ತು.

ಮನೆಯಲ್ಲಿ ಅತ್ತೆಯ ರಾಗ ಬೇರೆ: "ಹುಡುಗ ಬಲು ಸಾಧು ಕಣೇ. ಮದುವೆ ಆಗಿಲ್ವಂತೆ. ನಿಮ್ಮಪ್ಪನಿಗಂತೂ ಅವನನ್ನ ಕಂಡ್ರೆ ಪ್ರಾಣ!"

"ಅತ್ತೆ, ಅವರು ಫಾರ್ಮ್ ತುಂಬೋಕೆ ಬರ್ತಿದಾರೆ!"

"ನಾನೇನಂದೆ ಈಗ? ತುಂಬ್ಲಿ!"

ಸೋಮವಾರ ಶಾಲೆಯ ಕೊಳದ ಪಂಪು ಕೆಟ್ಟು ತರಗತಿ ನಿಂತಿತು. ಕೊನೆಯ ದಿನ ಬುಧವಾರ. ಇನ್ನು ಎರಡೇ ದಿನ! ಇವತ್ತು ಎದುರಿಗೇ ನಿಂತು ಮುಗಿಸಿಬಿಡುತ್ತೇನೆ ಎಂದು ಮಧ್ಯಾಹ್ನವೇ ಮನೆಗೆ ಬಂದಳು. ಚಪ್ಪಲಿ ಬಿಡುವಾಗ ಒಳಗಿನಿಂದ ಅಪ್ಪನ ದನಿ ಕೇಳಿತು.

"ಅವಳಿಗೆ ಈಗಲೇ ಹೇಳ್ಬೇಡಪ್ಪ. ಗೊತ್ತಾದ್ರೆ ಮನೆ ಕಿತ್ತುಹೋಗೋ ಹಾಗೆ ಕುಣೀತಾಳೆ."

"ಮುಚ್ಚಿಡೋದು ಸರಿಯಲ್ಲ ಸರ್." ಇದು ಅವನು. "ಗುರುವಾರಕ್ಕೆ ದಿನ ಗೊತ್ತಾಗಿದೆ. ಅಷ್ಟರೊಳಗೆ ಅವರಿಗೆ ಹೇಳ್ಲೇಬೇಕು."

"ನಾನೇ ಸಮಯ ನೋಡಿ ಹೇಳ್ತೀನಿ. ಹೇಗೂ ನೀನಿದೀಯಲ್ಲ, ಇನ್ನು ನನಗೇನು ಚಿಂತೆ..."

ಒಂದು ಚಪ್ಪಲಿ ಇನ್ನೂ ಕಾಲಲ್ಲಿರುವಾಗಲೇ ಅವಳು ನಿಂತುಬಿಟ್ಟಳು.

ದಿನ ಗೊತ್ತಾಗಿದೆಯಾ? ಗುರುವಾರಕ್ಕಾ? ಯಾವುದಕ್ಕೆ? ಅತ್ತೆಯ ರಾಗ, ದಿನವೂ ಬಂದು ಕೂರುವುದು, ಮುಗಿಯದ ಪುಟಗಳು... ಎಲ್ಲ ಒಮ್ಮೆಲೇ ಸೇರಿಕೊಂಡವು.

ಬಾಗಿಲು ದಢಾರನೆ ತೆರೆಯಿತು.

"ಓಹೋ! ಇದಕ್ಕಾ ನಿಮ್ಮ ಎರಡು ದಿನ ನಾಲ್ಕು ದಿನ ಆಗಿದ್ದು? ಫಾರ್ಮ್ ನೆಪ ಮಾಡ್ಕೊಂಡು ಹೆಣ್ಣು ನೋಡೋಕೆ ಬಂದ್ರಾ?"

ಅವನು ಎದ್ದು ನಿಂತ. ಕಿವಿಯ ತುದಿಯವರೆಗೆ ಕೆಂಪೇರಿತು.

"ಮೇಡಂ, ಅದು..."

"ನನ್ನ ಬಾಯಿಂದ ಕತೆ ಹೇಳಿಸಿಕೊಂಡು, ಮರ್ಯಾದಸ್ಥನ ಹಾಗೆ ಕೇಳಿಸಿಕೊಂಡು... ನನ್ನ ಬೆನ್ನ ಹಿಂದೆ ನನ್ನದೇ ದಿನ ಗೊತ್ತು ಮಾಡ್ತೀರಾ? ನಾನೇನು ನಿಮ್ಮ ಫೈಲಾ, ಎಲ್ಲಿ ಬೇಕಾದ್ರೂ ಇಡೋಕೆ?"

ಅವನು ಅಪ್ಪನ ಕಡೆ ನೋಡಿದ. ಅಪ್ಪ ತಲೆ ತಗ್ಗಿಸಿ ಕೂತಿದ್ದರು. ಅವನು ಮೇಜಿನ ಮೇಲಿನ ಹಾಳೆಗಳನ್ನು ಎತ್ತಿಕೊಂಡ.

"ಫಾರ್ಮ್ ನಾಳೆ ತಲುಪಿಸ್ತೀನಿ ಮೇಡಂ. ನಾನು ಇನ್ನು ಬರಲ್ಲ."

ಅವನು ಹೋದ. ಅವಳು ಕೋಣೆ ಸೇರಿ ಬಾಗಿಲು ಹಾಕಿಕೊಂಡಳು. ಸಿಟ್ಟಿಗೆ ಅಳು ಬರುತ್ತದೆಂದು ಗೊತ್ತಿತ್ತು. ಆದರೆ ಈ ಅಳು ಸಿಟ್ಟಿನದೇ ಎಂದು ತನಗೆ ತಾನೇ ಹೇಳಿಕೊಳ್ಳಲು ಆಗಲಿಲ್ಲ.

*

ಮಂಗಳವಾರ ಲಕೋಟೆ ಬಂತು. ಹಟಕ್ಕೆ ಅವಳು ಮುಟ್ಟಲಿಲ್ಲ. ಬುಧವಾರ ಶಾಲೆ ಮುಗಿಸಿ ಎರಡೂವರೆಗೆ ಮನೆಗೆ ಬಂದು, ಬೇರೆ ಗತಿಯಿಲ್ಲದೆ ಒಡೆದಳು. ಕಚೇರಿಯ ಕೌಂಟರ್ ಐದಕ್ಕೆ ಮುಚ್ಚುತ್ತದೆ.

ನಾಲ್ಕನೇ ಫಾರ್ಮ್. ಒಂದು ಚಿತ್ತಿಲ್ಲ, ಒಂದು ಸಾಲು ಜಾರಿಲ್ಲ. ಕಸುಬು ಎಂಬಲ್ಲಿ ದುಂಡಗಿನ ಅಕ್ಷರ: 'ಈಜು ಶಿಕ್ಷಕಿ. ಸ್ವಂತ ತರಗತಿ.' ಅದನ್ನು ಎರಡು ಸಲ ಓದಿದಳು.

ಎರಡು ದಿನದಿಂದ ಅಪ್ಪನ ಹತ್ತಿರ ಮಾತಿಲ್ಲ. ಸಿಟ್ಟಿದ್ದರೂ ಹನ್ನೊಂದು ವರ್ಷದ ರೂಢಿ ಬಿಡಲಾಗಲಿಲ್ಲ. ಹಾಳೆಗಳನ್ನು ಅವರ ಕೈಗಿಟ್ಟಳು.

"ನೀವೊಂದು ಸಲ ನೋಡಿಬಿಡಿ. ಆಮೇಲೆ ಸೈನ್ ಹಾಕ್ತೀನಿ."

ಅಪ್ಪ ಸ್ವಲ್ಪ ಹೊತ್ತು ಹಾಳೆ ಸವರಿದರು. ಆಮೇಲೆ ಗಂಟಲು ಸರಿಮಾಡಿಕೊಂಡು ಓದತೊಡಗಿದರು:

"ಕಾಲಂ ಒಂದು, ಹೆಸರು... ಕಾಲಂ ಎರಡು, ವಿಳಾಸ... ಕಾಲಂ ಮೂರು, ಸಂಬಳ ಕೊಡುವ ಸಂಸ್ಥೆಯ ಹೆಸರು..."

ಅವಳು ಹುಬ್ಬು ಗಂಟಿಕ್ಕಿದಳು. ಈ ಹಾಳೆಯಲ್ಲಿ ಮೂರನೇ ಕಾಲಂ ಅದಲ್ಲ. ಅದು ಕಸುಬಿನ ಕಾಲಂ. ಅಪ್ಪ ಹೇಳುತ್ತಿರುವುದು ಒಂದನೇ ಫಾರ್ಮಿನದು!

"ಕಾಲಂ ನಾಲ್ಕು, ವಾರ್ಷಿಕ ಸಂಬಳ..."

"ಅಪ್ಪ."

"ಏನು?"

"ಅಪ್ಪ... ಇದು ಒಂದನೇ ಫಾರ್ಮ್ ಅಲ್ಲ."

ಅಪ್ಪ ಹಾಳೆಗಳನ್ನು ಮಡಿಲಿಗೆ ಇಳಿಸಿದರು.

"ನನಗೆ ಬಾಯಿಪಾಠ ಬರೋದು ಅದೊಂದೇ ಪುಟ್ಟಿ."

ಅವಳು ಅಪ್ಪನ ಕಾಲ ಬಳಿ ನೆಲದ ಮೇಲೆ ಕೂತಳು.

"ಅಂಚು ಕಾಣುತ್ತೆ. ಬಾಗಿಲು, ಗೋಡೆ ಎಲ್ಲ ಗೊತ್ತಾಗುತ್ತೆ. ನಡುವೆ ಮಾತ್ರ ಮಬ್ಬು. ಅಕ್ಷರದ ಮೇಲೆ ಕಣ್ಣಿಟ್ರೆ ಅಕ್ಷರಾನೇ ಇರಲ್ಲ... ನಿನ್ನ ಮುಖ ಸರಿಯಾಗಿ ನೋಡಿ ಹತ್ತು ತಿಂಗಳಾಯ್ತು."

"ಯಾಕಪ್ಪ ಹೇಳ್ಲಿಲ್ಲ? ಒಂದೇ ಮನೇಲಿ ಇದ್ದು... ಯಾಕೆ?"

"ನಿನ್ನ ಉಪಯೋಗಕ್ಕೆ ನಾನು ಬರೋದು ವರ್ಷಕ್ಕೆ ಒಂದು ದಿನ. ಅದೂ ಹೋದ್ರೆ ನಾನ್ಯಾಕೆ ಇರ್ಬೇಕು?"

ಅವಳು ಅಪ್ಪನ ಮೊಣಕಾಲಿಗೆ ಹಣೆ ಒತ್ತಿದಳು.

"ಆ ಹುಡುಗ ಫಾರ್ಮ್ ನೋಡಿದ ತಕ್ಷಣ ಕಂಡುಹಿಡಿದ. ಸಾಲು ಜಾರಿದ ರೀತಿ ನೋಡಿ. ಬಂದವನು ನನ್ನನ್ನ ಬದಿಗೆ ಸರಿಸಿ ತಾನೇ ಬರೆದು ಹೋಗಲಿಲ್ಲ. ಒಂದೊಂದೇ ಕಾಲಂ ಓದಿ ಹೇಳ್ದ. 'ಇದಕ್ಕೆ ಏನು ಬರೀಲಿ ಸರ್?' ಅಂತ ನನ್ನ ಕೇಳಿ ಕೇಳಿ ಬರೆದ. ಅಕ್ಷರ ಅವನದು, ಉತ್ತರ ನನ್ನದು. ತಡ ಆಗಿದ್ದು ಅದಕ್ಕೆ ಕಣೇ."

"ಗುರುವಾರ...?"

"ಕಣ್ಣಿನ ಡಾಕ್ಟರ್ ಹತ್ರ ಅವನೇ ದಿನ ಗೊತ್ತು ಮಾಡಿದ್ದು. ನಿನಗೆ ಹೇಳ್ಬೇಕು ಅಂತ ದಿನಾ ಜಗಳ ಆಡ್ತಿದ್ದ. ನಾನೇ ಆಣೆ ಹಾಕಿಸ್ಕೊಂಡಿದ್ದೆ. ಮೊನ್ನೆ ನೀನು ಅಷ್ಟು ಅಂದ್ರೂ ಬಾಯಿ ಬಿಡಲಿಲ್ಲ ನೋಡು. ನಾನೂ ಹೇಡಿ ಹಾಗೆ ಕೂತಿದ್ದೆ."

ಅತ್ತೆ ಅಡುಗೆಮನೆ ಬಾಗಿಲಲ್ಲಿ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದರು. "ಸೋಮಾರಿ ಅಂತ ಬೈತಿದ್ನಲ್ಲೋ ಅಣ್ಣ... ನನ್ನ ನಾಲಿಗೆಗೆ..." ಆಮೇಲೆ ಗಡಿಯಾರ ನೋಡಿ ಚೀರಿದರು. "ಮೂರೂವರೆ ಆಯ್ತು! ನಾನಿದೀನಿ ಇವನ ಜೊತೆ. ನೀನು ಸೈನ್ ಹಾಕಿ ಓಡೇ!"

*

ಬೀಗದಂಗಡಿಯವನು ಮೇಲಿನ ಆಫೀಸು ಮುಚ್ಚಿದೆ, ತೆರಿಗೆ ಕಚೇರಿಗೆ ಹೋಗಿದ್ದಾರೆ ಎಂದ. ಅವಳು ಅಲ್ಲಿಗೆ ಓಡಿದಳು. ಮೂರನೇ ಮಹಡಿಯಿಂದ ಮೆಟ್ಟಿಲವರೆಗೆ ಕ್ಯೂ. ಎಲ್ಲರ ಕೈಯಲ್ಲೂ ಹಾಳೆ, ಎಲ್ಲರ ಮುಖದಲ್ಲೂ ಕೊಲೆ ಮಾಡುವಷ್ಟು ಬೇಸರ. ಕೌಂಟರಿನಿಂದ ಹತ್ತು ಜನರ ಹಿಂದೆ, ಎದೆಗೊಂದು ಕಟ್ಟು ಫೈಲು ಅವಚಿಕೊಂಡು ಅವನು ನಿಂತಿದ್ದ.

"ರೀ ಮೇಡಂ, ಕ್ಯೂ ಇದೆ!"

"ಗೊತ್ತು! ಇವರ ಹತ್ರ ಒಂದು ಮಾತಾಡ್ಬೇಕು, ಅಷ್ಟೇ."

"ಎಲ್ಲರೂ ಹಾಗೇ ಹೇಳಿ ನುಗ್ಗೋದು!"

ಅವನು ತಿರುಗಿ ನೋಡಿದ. ಸುಮ್ಮನೆ ಕ್ಯೂ ಬಿಟ್ಟು ಹೊರಬಂದು, ಅವಳ ಜೊತೆ ಸಾಲಿನ ತೀರಾ ಕೊನೆಗೆ ಹೋಗಿ ನಿಂತುಕೊಂಡ.

"ಅಯ್ಯೋ, ನಿಮ್ಮ ಜಾಗ ಹೋಯ್ತಲ್ಲ!"

"ಪರವಾಗಿಲ್ಲ ಮೇಡಂ. ನನಗೆ ನಿಧಾನ ಅಭ್ಯಾಸ."

ಅವಳಿಗೆ ನಗುವೂ ಅಳುವೂ ಒಟ್ಟಿಗೇ ಬಂದವು.

"ಅಪ್ಪ ಎಲ್ಲ ಹೇಳಿದ್ರು... ನನ್ನನ್ನ ಕ್ಷಮಿಸಿ. ಎಂಥಾ ಮಾತಾಡ್ದೆ ನಾನು! ನೀವ್ಯಾಕೆ ಸುಮ್ಮನಿದ್ರಿ? ತಿರುಗಿಸಿ ಒಂದು ಮಾತು ಅನ್ನಬಾರದಿತ್ತಾ?"

"ಆಣೆ ಇತ್ತು."

"ಅಷ್ಟಕ್ಕೇನಾ?"

ಸಾಲು ಎರಡು ಹೆಜ್ಜೆ ಮುಂದೆ ಹೋಯಿತು. ಅವರೂ ಹೋದರು. ಅವನು ಫೈಲುಗಳ ದಾರವನ್ನು ಬಿಚ್ಚಿದ, ಮತ್ತೆ ಕಟ್ಟಿದ.

"ಅಷ್ಟಕ್ಕೇ ಅಲ್ಲ... ಮೊದಲನೇ ದಿನ ನಾನು ನಿಮ್ಮನೆಗೆ ಬಂದಿದ್ದು ನಿಮ್ಮ ತಂದೆಗೋಸ್ಕರಾನೇ. ಎರಡನೇ ದಿನಾನೂ ಹೌದು. ಮೂರನೇ ದಿನ ಬರುವಾಗ, ನೀವು ಇವತ್ತು ಬೇಗ ಬಂದ್ರೆ ಚೆನ್ನಾಗಿರುತ್ತೆ ಅನ್ನಿಸ್ತು. ನಾಲ್ಕನೇ ದಿನ ದಾರಿಯುದ್ದಕ್ಕೂ ಅದೇ ಯೋಚನೆ. ಅವತ್ತೇ ನೀವು ಬಾಗಿಲು ತೆಗೆದು 'ಹೆಣ್ಣು ನೋಡೋಕೆ ಬಂದ್ರಾ' ಅಂದ್ರಿ. ನೀವು ಹೇಳಿದ್ದು ಪೂರ್ತಿ ಸುಳ್ಳಾಗಿದ್ದಿದ್ರೆ ಅಲ್ಲ ಅಂತಿದ್ದೆ. ನನಗೆ ಸುಳ್ಳು ಹೇಳೋಕೆ ಬರಲ್ಲ..."

ಅವಳು ಉಸಿರು ಬಿಗಿಹಿಡಿದಳು.

'ಇದನ್ನ ಹೇಳೋಕೂ ಇಷ್ಟು ನಿಧಾನಾನಾ ಮಾರಾಯಾ!'

"ಈಗಲೂ ಬೇಡ ಅಂದ್ರೆ ಬೇಡ," ಎಂದ ಅವನು ನೆಲ ನೋಡುತ್ತ. "ನಾಳೆ ಡಾಕ್ಟರ್ ಹತ್ರ ನಿಮ್ಮ ತಂದೇನ ಕರ್ಕೊಂಡು ಹೋಗೋದು ಮಾತ್ರ ಬಿಡಬೇಡಿ. ಹೋದ ದೃಷ್ಟಿ ಬರುತ್ತೋ ಇಲ್ವೋ ಗೊತ್ತಿಲ್ಲ. ಇರೋದನ್ನ ಉಳಿಸಿಕೊಳ್ಳಬಹುದು ಅಂತ ಡಾಕ್ಟರ್ ಫೋನಲ್ಲಿ ಅಂದಿದ್ದಾರೆ."

"ನಾಳೆ ನೀವು ಬರಲ್ವಾ?"

"ನಾನು... ಬರಲಾ?"

"ಬನ್ನಿ. ಅಪ್ಪನಿಗೆ ಒಂದು ಕಡೆ ನಾನು, ಒಂದು ಕಡೆ ನೀವು. ನಾಳೆ ಅಷ್ಟೇ ಅಲ್ಲ... ಆಮೇಲೂ."

ಅವನು ತಲೆಯೆತ್ತಿದ. ಕನ್ನಡಕದ ಹಿಂದೆ ಆ ಕಣ್ಣುಗಳು ಇಷ್ಟು ಚೆಂದ ನಗುತ್ತವೆಂದು ಅವಳಿಗೆ ಇಲ್ಲಿಯವರೆಗೆ ಗೊತ್ತೇ ಇರಲಿಲ್ಲ!

"ರೀ, ಮುಂದೆ ಹೋಗ್ರೀ! ಮಾತೆಲ್ಲ ಮನೇಲಿ ಆಡ್ಕೊಳ್ಳಿ!" ಹಿಂದಿನಿಂದ ಯಾರೋ ಗದರಿದರು.

ಐದಕ್ಕೆ ನಾಲ್ಕು ನಿಮಿಷ ಇರುವಾಗ ಕೌಂಟರ್ ತಲುಪಿದರು. ಗುಮಾಸ್ತೆ ಹಾಳೆಗಳನ್ನು ಸರಸರ ತಿರುಗಿಸಿ, ಏನೂ ಸಿಗದೆ, ನಿರಾಸೆಯಿಂದಲೋ ಎಂಬಂತೆ ಮೊಹರು ಗುದ್ದಿದಳು. ಅವನ ಕಟ್ಟಿನ ಕಾಗದಗಳಿಗೂ ಮೊಹರು ಬಿತ್ತು.

ಹೊರಗೆ ಸಂಜೆಯ ಬಿಸಿಲು ಇನ್ನೂ ಇತ್ತು. ಮೆಟ್ಟಿಲ ಮೇಲೆ ನಿಂತು ಇಬ್ಬರೂ ಒಟ್ಟಿಗೇ ಉಸಿರು ಬಿಟ್ಟರು.

"ಮೇಡಂ..."

"ಇನ್ನೊಂದು ಸಲ ಮೇಡಂ ಅಂದ್ರೆ ನೋಡಿ!"

"ಮತ್ತೆ ಏನನ್ಲಿ?"

"ಮೊದಲು ಈ ನೀವು, ಬನ್ನಿ, ಹೋಗಿ ಎಲ್ಲ ಬಿಡಿ."

ಅವನು ಯೋಚಿಸಿದ. ರಸ್ತೆಯಲ್ಲಿ ಎರಡು ಬಸ್ಸು ಹೋದವು. ಅವಳು ಕಾದಳು. ಈ ಒಂಬತ್ತು ದಿನಗಳಲ್ಲಿ ಮೊದಲ ಸಲ, ಅವಸರವಿಲ್ಲದೆ ಕಾದಳು.

"ನೀನು..." ಎಂದು ಅವನು ನಿಲ್ಲಿಸಿದ. ಕಿವಿ ಮತ್ತೆ ಕೆಂಪಾಯಿತು. "ನೀನು ಊಟ ಮಾಡಿದ್ಯಾ?"

"ಇಲ್ಲ," ಎಂದಳು ಅವಳು, ಅವನ ತೋಳಿನಿಂದ ಅರ್ಧ ಫೈಲುಗಳನ್ನು ತೆಗೆದುಕೊಳ್ಳುತ್ತ. "ನೀನು?"